ಲಾಬಿ ಊಟದ ಬಿಲ್ಲಿನಲ್ಲಿ ಶಾಸಕರ ಭಾವಮೈದುನ ಯಾವ ಕಾಲಂಗೆ ಹೋಗುತ್ತಾನೆ?

ಖರಾಡಿ ಕಾರಕೂನ, ಪುಣೆ:

ಎಲ್ಲರಿಗೂ ನಮಸ್ಕಾರ. ಪುಣೆ-ಮುಂಬೈ ಕಡೆ ಕಂಪ್ಲಯನ್ಸ್, ಆಡಿಟ್ ಅಂತ ಕೆಲಸ ಮಾಡುವವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಾನು ಖರಾಡಿಯ ಒಂದು ಬ್ಯಾಕ್ ಆಫೀಸಿನಲ್ಲಿದ್ದೇನೆ. ಮೊದಲು ವೆಂಡರ್ ಬಿಲ್ ಪಾಸ್ ಮಾಡುತ್ತಿದ್ದೆ, ಈಗ ಬೇರೆ ಟೀಮಿಗೆ ಹಾಕಿದ್ದಾರೆ. ಕ್ಲೈಂಟ್ ಅಮೆರಿಕದವರು. ಅವರ ಪರವಾಗಿ ಟೆಕ್ಸಾಸ್‌ನಲ್ಲಿ ಲಾಬಿ ಮಾಡುವವರು, ಅಂದರೆ ಕಂಪನಿಗೆ ಬೇಕಾದ ಕಾನೂನಿಗಾಗಿ ಶಾಸಕರ, ಅಧಿಕಾರಿಗಳ ಮನವೊಲಿಸುವವರು ಇದ್ದಾರೆ. ಕದ್ದುಮುಚ್ಚಿ ಅಲ್ಲ, ಸರ್ಕಾರದಲ್ಲಿ ಹೆಸರು ನೋಂದಾಯಿಸಿಕೊಂಡು ಮಾಡುವ ಕೆಲಸ. ಅವರು ಶಾಸಕರಿಗೋ ಅಧಿಕಾರಿಗಳಿಗೋ ಊಟ ಕೊಡಿಸಿದರೆ ಅದರ ಲೆಕ್ಕವನ್ನು ಟೆಕ್ಸಾಸ್ ಎಥಿಕ್ಸ್ ಕಮಿಷನ್‌ಗೆ ಕೊಡಬೇಕು. ಬಿಲ್ಲುಗಳು ಸ್ಕ್ಯಾನ್ ಆಗಿ ನಮಗೆ ಬರುತ್ತವೆ, ಯಾರ ಪಾಲು ಎಷ್ಟು ಅಂತ ವಿಂಗಡಿಸಿ ನಾವು ಶೀಟ್ ಮಾಡಿ ವಾಪಸ್ ಕಳಿಸುತ್ತೇವೆ.

ಈಗ ನನ್ನ ಮುಂದೆ ಒಂದು ಬಿಲ್ ಇದೆ. ಮೊತ್ತ ಬದಲಿಸಿದ್ದೇನೆ, ಹೆಸರಂತೂ ಬರೆಯುವುದಿಲ್ಲ, ಕೆಲಸ ಬೇಕು ನನಗೆ. ಟೆಕ್ಸಾಸ್ ರಾಜಧಾನಿ ಆಸ್ಟಿನ್‌ನ ಒಂದು ಸ್ಟೀಕ್ ಹೋಟೆಲ್. ಆರು ಜನ. ಒಟ್ಟು 960 ಡಾಲರ್. ಕೆಳಗೆ ಎರಡು ಕಾರ್ಡಿನ ಚೀಟಿ ಅಂಟಿಸಿದ್ದಾರೆ, ಒಂದೊಂದೂ 480. ಒಂದು ನಮ್ಮ ಕ್ಲೈಂಟಿನ ಲಾಬಿಯಿಸ್ಟ್ ಕೊಟ್ಟಿದ್ದು, ಇನ್ನೊಂದು ಬೇರೆ ಯಾವುದೋ ಕಂಪನಿಯ ಲಾಬಿಯಿಸ್ಟ್ ಕೊಟ್ಟಿದ್ದು. ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಗೀಚಿದ್ದಾರೆ: ನಾವಿಬ್ಬರು, ಶಾಸಕರು, ಅವರ ಹೆಂಡತಿ, ಅವರ ಆಫೀಸಿನ ಹುಡುಗ, ಹೆಂಡತಿಯ ತಮ್ಮ. ತಮ್ಮನ ಮುಂದೆ ಒಂದು ಪ್ರಶ್ನೆ ಚಿಹ್ನೆ ಬೇರೆ!

ನಮ್ಮ ಟೀಮ್ ಲೀಡ್ ಹೇಳುತ್ತಾರೆ, ಎಲ್ಲಾ ಸೇರಿಸಿ ಶಾಸಕರ ಹೆಸರಿಗೆ ಹಾಕಿಬಿಡು, ಜಾಸ್ತಿ ತೋರಿಸಿದರೆ ಯಾರೂ ಕೇಳುವುದಿಲ್ಲ ಅಂತ. ಪಕ್ಕದ ಸೀನಿಯರ್ ಹೇಳುತ್ತಾರೆ, ಭಾವಮೈದುನನನ್ನು ಗೆಸ್ಟ್ ಅಂತ ಹಾಕು, ಅಲ್ಲಿಗೆ ಮುಗಿಯಿತು, ಹೆಸರೇ ಬರುವುದಿಲ್ಲ ಅಂತ. ಯಾರು ಸರಿ? ಮತ್ತೆ ಆ ಎರಡನೇ ಕಾರ್ಡಿನ 480 ನಮ್ಮ ಶೀಟಿನಲ್ಲಿ ಬರಬೇಕಾ ಬೇಡವಾ?

ಇನ್ನೊಂದು, ಇದು ಸುಮ್ನೆ ಕುತೂಹಲ. ನಮ್ಮಲ್ಲಿ ಇಂಥ ಫಾರ್ಮ್ ಯಾವುದಾದರೂ ಇದೆಯಾ? ನಾನಂತೂ ನೋಡಿಲ್ಲ.

---

ಮಗರಪಟ್ಟಾ ಲೆಕ್ಕಾಚಾರಿ, ಪುಣೆ:

ಇಬ್ಬರೂ ಸರಿಯಿಲ್ಲ. ನಾನು ಇದೇ ಕೆಲಸ ಮಾಡಿ ಬಿಟ್ಟವನು, ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾ ಎರಡೂ ನೋಡಿದ್ದೇನೆ. ನಿಧಾನವಾಗಿ ಓದು.

ಟೆಕ್ಸಾಸ್‌ನಲ್ಲಿ ಇದು ಗವರ್ನಮೆಂಟ್ ಕೋಡಿನ 305ನೇ ಅಧ್ಯಾಯ. ಅಲ್ಲಿ ಖರ್ಚನ್ನು ಎರಡು ಸಲ ವಿಂಗಡಿಸಬೇಕು. ಮೊದಲು ಯಾವುದಕ್ಕೆ ಖರ್ಚು ಅಂತ: ಪ್ರಯಾಣ-ವಸತಿ, ಊಟ-ಪಾನೀಯ, ಮನರಂಜನೆ, ಉಡುಗೊರೆ, ಸ್ಮರಣಿಕೆ ಹೀಗೆ. ಆಮೇಲೆ ಯಾರಿಗೆ ಅಂತ: ಸೆನೆಟರ್‌ಗಳು, ಪ್ರತಿನಿಧಿ ಸಭೆಯವರು, ರಾಜ್ಯದ ಇತರ ಅಧಿಕಾರಿಗಳು, ಸಿಬ್ಬಂದಿ, ಇವರ ಹತ್ತಿರದ ಕುಟುಂಬ, ಕೊನೆಗೆ ಇವರು ಕರೆದ ಅತಿಥಿಗಳು. ಎಲ್ಲಾ ಶಾಸಕರನ್ನೂ ಕರೆದು ಮಾಡುವ ಪಾರ್ಟಿಗೆ ಬೇರೆಯೇ ಕಾಲಂ ಇದೆ.

ಹೆಂಡತಿ ಹತ್ತಿರದ ಕುಟುಂಬ. ಅಲ್ಲಿ ಆ ಮಾತಿಗೆ ಗಂಡ ಅಥವಾ ಹೆಂಡತಿ ಮತ್ತು ಅವಲಂಬಿತ ಮಕ್ಕಳು, ಅಷ್ಟೇ. ನಮ್ಮ ಲೆಕ್ಕದ ಕುಟುಂಬ ಅಲ್ಲ, ಅತ್ತೆ ಮಾವ ಚಿಕ್ಕಪ್ಪ ಎಲ್ಲಾ ಸೇರುವುದಿಲ್ಲ. ಹಾಗಾಗಿ ಭಾವಮೈದುನ ಕುಟುಂಬದ ಕಾಲಂಗೆ ಬರುವುದೇ ಇಲ್ಲ. ಅತಿಥಿ ಕಾಲಂಗೆ ಬರಬೇಕಾದರೆ ಅವನನ್ನು ಶಾಸಕರು ಕರೆದಿರಬೇಕು. ಲಾಬಿಯಿಸ್ಟ್ ತಾನೇ ಕರೆದಿದ್ದರೆ ಅವನು ಅವರ ಸ್ವಂತ ಅತಿಥಿ, ಆ ಕಾಲಂ ಅವನಿಗಲ್ಲ. ಅದಕ್ಕೇ ಆ ಪ್ರಶ್ನೆ ಚಿಹ್ನೆ. ನಿನ್ನ ಕೈಯಲ್ಲಿ ತೀರ್ಮಾನ ಆಗುವ ವಿಷಯ ಅಲ್ಲ ಅದು. ಅವನನ್ನು ಯಾರು ಕರೆದರು ಅಂತ ಒಂದು ಸಾಲಿನ ಮೇಲ್ ಹಾಕಿ ಉತ್ತರ ಇಟ್ಟುಕೋ. ನಾಳೆ ಯಾರಾದರೂ ಕೇಳಿದರೆ ಆ ಮೇಲೇ ನಿನ್ನ ಸಾಕ್ಷಿ.

ಇನ್ನು ಆ ಎರಡು ಕಾರ್ಡು. ಅಸಲಿ ಆಟ ಇರುವುದೇ ಅಲ್ಲಿ. ಊಟದ ಖರ್ಚು ಒಂದು ದಿನದಲ್ಲಿ ಶಾಸಕರ ದಿನಭತ್ಯೆಯ ಶೇ 60 ದಾಟಿದರೆ ಮಾತ್ರ ವಿವರವಾಗಿ ಬರೆಯಬೇಕು: ಶಾಸಕರ ಹೆಸರು, ಜಾಗ, ತಾರೀಖು, ಮೊತ್ತ. ಊಟ ಮಾಡಿದ್ದು ಹೆಂಡತಿಯೇ ಆದರೂ ಹೆಸರು ಬರುವುದು ಶಾಸಕರದೇ. ದಾಟದಿದ್ದರೆ ಒಟ್ಟು ಮೊತ್ತಕ್ಕೆ ಸೇರಿಸಿದರೆ ಸಾಕು, ಹೆಸರು ಬೇಡ. ಭತ್ಯೆ 190 ಡಾಲರ್ ಇದ್ದಾಗ ಈ ಮಿತಿ 114 ಇತ್ತು, 221 ಆದಾಗ 132 ಚಿಲ್ಲರೆ ಆಯಿತು. ಈಗಿನ ಅಂಕಿ ನಿಮ್ಮ ಕೈಪಿಡಿಯಲ್ಲೇ ಇರುತ್ತದೆ.

ಈಗ ಲೆಕ್ಕ ಹಾಕು. 960ನ್ನು ಆರು ಜನಕ್ಕೆ ಹಂಚಿದರೆ ತಲೆಗೆ 160. 132ರ ಮಿತಿ ಹಿಡಿದರೆ ದಾಟಿತು, ಹೆಸರು ಬರಬೇಕು. ಆದರೆ ಕೊಟ್ಟವರು ಇಬ್ಬರು. ಪ್ರತಿಯೊಬ್ಬ ಲಾಬಿಯಿಸ್ಟ್ ಬರೆಯುವುದು ತನ್ನ ಖರ್ಚು ಮಾತ್ರ. ಹಾಗಾಗಿ ತಲೆಗೆ 80. ನಾನು ಆ ಕೆಲಸದಲ್ಲಿದ್ದಾಗ ಹೀಗೆ ಎರಡೂ ರಿಪೋರ್ಟಿನಲ್ಲಿ ಹೆಸರು ಮಾಯ ಆಗುತ್ತಿತ್ತು. ನಾಲ್ಕು ಜನ ಕಾರ್ಡ್ ಇಟ್ಟರೆ ಇನ್ನೂ ಆರಾಮ. ಈ ಬಿಲ್ ಹಂಚಿಕೊಳ್ಳುವ ವಿದ್ಯೆ ಆಸ್ಟಿನ್‌ನಲ್ಲಿ ಹಳೆಯದು, ಅಲ್ಲಿನ ಪತ್ರಿಕೆಗಳು ಬರೆದು ಬರೆದು ಸುಸ್ತಾಗಿವೆ. ಕೂಡಿ ಕೊಟ್ಟ ಬಿಲ್ಲಿಗೆ ಈಗಿನ ನಿಯಮ ಏನು ಅಂತ ಕೈಪಿಡಿಯಲ್ಲಿ ನೋಡಿಕೋ. ಬರೆಯುವುದು ಅವರವರ ಖರ್ಚು, ಹಾಗಾಗಿ ಇನ್ನೊಂದು 480 ನಿನ್ನ ಶೀಟಿಗೆ ಬೇಡ. ಆದರೆ ಸ್ಕ್ಯಾನ್‌ನಲ್ಲಿ ಎರಡೂ ಚೀಟಿ ಇರಲಿ, ಒಂದನ್ನು ಕತ್ತರಿಸಿ ಅಪ್‌ಲೋಡ್ ಮಾಡಬೇಡ.

ಟೀಮ್ ಲೀಡ್ ಹೇಳಿದ ಹಾಗೆ ಎಲ್ಲವನ್ನೂ ಶಾಸಕರ ತಲೆಗೆ ಕಟ್ಟುವುದೂ ತಪ್ಪೇ. ತಿನ್ನದ ಊಟ ಅವರ ಹೆಸರಿಗೆ ಬಂದರೆ ಮುಂದಿನ ಚುನಾವಣೆಯಲ್ಲಿ ಎದುರಾಳಿ ಅದನ್ನೇ ಪಾಂಪ್ಲೆಟ್ ಮಾಡಿ ಹಂಚುತ್ತಾನೆ. ಆಮೇಲೆ ಫೋನ್ ಬರುವುದು ಕ್ಲೈಂಟಿಗೆ, ಅಲ್ಲಿಂದ ನಿನಗೆ.

ಒಂದು ಮರೆತೆ. ಊಟಕ್ಕೆ ಲಾಬಿಯಿಸ್ಟ್ ಖುದ್ದು ಕೂತಿರಬೇಕು. ಕಾರ್ಡ್ ಕೊಟ್ಟು ಕಳಿಸಿ, ನೀವು ತಿಂದು ಬನ್ನಿ ಅನ್ನುವ ಹಾಗಿಲ್ಲ. ಬಿಲ್ಲಿನ ಹಿಂದೆ "ನಾವಿಬ್ಬರು" ಅಂತ ಇದೆಯಲ್ಲ, ಅದು ಇರಲೇಬೇಕಾದ ಸಾಲು.

---

ಫೋರ್ಟ್ ಫೈಲ್‌ವಾಲಾ, ಮುಂಬೈ:

ಓದಿ ನಗು ಬಂತು. ಭಾವಮೈದುನನ ಸ್ಟೀಕಿಗೂ ಕಾಲಂ ಇಟ್ಟಿದ್ದಾರೆ, ಭಲೇ.

ನಾನು ಈ ಊರಿನಲ್ಲಿ ಲಿಯಾಸನ್ ಕೆಲಸದಲ್ಲೇ, ಅಂದರೆ ಕಂಪನಿಗಳ ಪರವಾಗಿ ಸರ್ಕಾರಿ ಕಚೇರಿ ಸುತ್ತುವುದರಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಬೆಳಿಗ್ಗೆ ಮಂತ್ರಾಲಯ (ಇಲ್ಲಿನ ಸಚಿವಾಲಯ), ಮಧ್ಯಾಹ್ನ ನರಿಮನ್ ಪಾಯಿಂಟ್, ಸಂಜೆ ಯಾರನ್ನಾದರೂ ಎಲ್ಲಿಗಾದರೂ ಊಟಕ್ಕೆ ಕರೆದುಕೊಂಡು ಹೋಗುವುದು. ನಾನು ಲಾಬಿ ಮಾಡುತ್ತೇನೆ ಅಂತ ಎಲ್ಲೂ ಬರೆದುಕೊಡಬೇಕಾಗಿ ಬಂದಿಲ್ಲ. ಬರೆದುಕೊಡಿ ಅಂತ ಕೇಳುವ ಕಾನೂನೇ ಇಲ್ಲ. 2013ರಲ್ಲಿ ಒಡಿಶಾದ ಸಂಸದ ಕಲಿಕೇಶ್ ಸಿಂಗ್ ದೇವ್ ಲೋಕಸಭೆಯಲ್ಲಿ ಲಾಬಿ ಚಟುವಟಿಕೆ ಬಹಿರಂಗಪಡಿಸುವ ಖಾಸಗಿ ಮಸೂದೆ ತಂದರು. ಖಾಸಗಿ ಮಸೂದೆಗಳ ಹಣೆಬರಹ ಗೊತ್ತೇ ಇದೆ.

ಅವರು ಆ ಮಸೂದೆ ತಂದಿದ್ದಕ್ಕೆ ಒಂದು ಹಿನ್ನೆಲೆ ಇದೆ. 2012ರ ಡಿಸೆಂಬರ್ ನೆನಪಿದೆಯಾ? ವಾಲ್‌ಮಾರ್ಟ್ ಗಲಾಟೆ. ಅವರು 2008ರಿಂದ ಅಮೆರಿಕದಲ್ಲಿ ಲಾಬಿಗೆ ಸುಮಾರು 2.5 ಕೋಟಿ ಡಾಲರ್ ಖರ್ಚು ಮಾಡಿದ್ದರು, ಆಗಿನ ಲೆಕ್ಕದಲ್ಲಿ 125 ಕೋಟಿ ರೂಪಾಯಿ. ಅದರಲ್ಲಿ ಚರ್ಚೆಯಾದ ಹತ್ತಾರು ವಿಷಯಗಳಲ್ಲಿ ಭಾರತದ ಮಾರುಕಟ್ಟೆ ಪ್ರವೇಶವೂ ಒಂದು. ಇಲ್ಲಿ ಸಂಸತ್ತು ಹೊತ್ತಿ ಉರಿಯಿತು, ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರನ್ನು ತನಿಖೆಗೆ ಹಾಕಿದರು. ಸ್ವಾಮಿ, ಆ ಅಂಕಿ ನಮಗೆ ಸಿಕ್ಕಿದ್ದು ಹೇಗೆ? ನಮ್ಮ ಯಾವ ಇಲಾಖೆಯೂ ಹುಡುಕಿ ತೆಗೆದದ್ದಲ್ಲ. ಕಂಪನಿಯೇ ಅಮೆರಿಕದ ಕಾನೂನಿನ ಪ್ರಕಾರ ಮೂರು ತಿಂಗಳಿಗೊಮ್ಮೆ ತುಂಬುವ ಫಾರ್ಮಿನಲ್ಲಿ ಬರೆದಿತ್ತು. ಅದೇ ಹಣ ಇಲ್ಲಿ ಖರ್ಚಾಗಿದ್ದರೆ ಒಂದು ಕಾಗದವೂ ಇರುತ್ತಿರಲಿಲ್ಲ, ಗಲಾಟೆಯೂ ಆಗುತ್ತಿರಲಿಲ್ಲ.

ನನ್ನ ವೋಚರ್‌ಗಳಲ್ಲಿ ಇರುತ್ತಿದ್ದದ್ದು "ಬಿಸಿನೆಸ್ ಪ್ರಮೋಷನ್" ಅಂತ ಎರಡೇ ಪದ. ಯಾರು ತಿಂದರು ಅಂತ ಅಕೌಂಟ್ಸ್‌ನವರೂ ಕೇಳುತ್ತಿರಲಿಲ್ಲ. ಕೇಳಿದರೆ ಅವರಿಗೇ ತೊಂದರೆ.

---

ಖರಾಡಿ ಕಾರಕೂನ, ಪುಣೆ:

ಲೆಕ್ಕಾಚಾರಿ ಸರ್, ತುಂಬಾ ಥ್ಯಾಂಕ್ಸ್. ಮೇಲ್ ಹಾಕಿದೆ. ಆದರೆ ಒಂದು ಸಂಶಯ. ಇಷ್ಟೆಲ್ಲಾ ತಂತ್ರ ಇದ್ದರೆ ಆ ಫಾರ್ಮಿನಿಂದ ಏನು ಉಪಯೋಗ? 132 ದಾಟದ ಹಾಗೆ ನೋಡಿಕೊಂಡರೆ ಎಲ್ಲರೂ ಮುಚ್ಚಿಕೊಳ್ಳಬಹುದಲ್ವಾ? ಅದಕ್ಕಿಂತ ಊಟ ಕೊಡಿಸುವುದನ್ನೇ ನಿಷೇಧ ಮಾಡಿದರೆ ಸುಲಭ ಅಲ್ವಾ?

---

ಮಗರಪಟ್ಟಾ ಲೆಕ್ಕಾಚಾರಿ, ಪುಣೆ:

ಮಾಡಿದ್ದಾರೆ. ವಿಸ್ಕಾನ್ಸಿನ್‌ನಲ್ಲಿ 1957ರಿಂದ ಲಾಬಿಯಿಸ್ಟ್ ಶಾಸಕರಿಗೆ ಒಂದು ಕಪ್ ಕಾಫಿ ಕೂಡ ಕೊಡಿಸುವ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1974ರ ಜನಮತದಲ್ಲಿ ಬಂದ ಕಾನೂನು, ತಿಂಗಳಿಗೆ ಒಬ್ಬರಿಗೆ 10 ಡಾಲರ್ ಮಿತಿ. ಅದರ ಪರ ಓಡಾಡಿದ ಜೆರ್ರಿ ಬ್ರೌನ್ ಎರಡು ಹ್ಯಾಂಬರ್ಗರ್, ಒಂದು ಕೋಕ್‌ಗೆ ಸಾಕು ಅನ್ನುತ್ತಿದ್ದರು. ಈಗ ಅಷ್ಟಕ್ಕೆ ಒಂದು ಹ್ಯಾಂಬರ್ಗರ್ ಬಂದರೆ ಪುಣ್ಯ, ಮಿತಿ ಮಾತ್ರ ಅಷ್ಟೇ ಇದೆ. ಮಿಸ್ಸೋರಿಯಲ್ಲಿ 2018ರಲ್ಲಿ ಜನ ವೋಟ್ ಹಾಕಿ 5 ಡಾಲರ್ ಮಾಡಿದರು, 2020ರಲ್ಲಿ ಅದನ್ನೂ ಸೊನ್ನೆ ಮಾಡಿದರು.

ವಾಷಿಂಗ್ಟನ್‌ನಲ್ಲೂ ಹಾಗೇ. ಜ್ಯಾಕ್ ಅಬ್ರಮಾಫ್ ಅನ್ನುವ ಲಾಬಿಯಿಸ್ಟ್‌ನ ಹಗರಣ ಆದ ಮೇಲೆ 2007ರ ಕಾನೂನಿನಲ್ಲಿ ಲಾಬಿಯಿಸ್ಟ್‌ಗಳಿಂದ ಸಂಸದರು ಉಡುಗೊರೆ, ಊಟ ಪಡೆಯುವುದು ಬಂದ್. ಆದರೆ ರಿಸೆಪ್ಷನ್‌ನಲ್ಲಿ ನಿಂತುಕೊಂಡು ತಿನ್ನುವ ಚಿಕ್ಕಪುಟ್ಟ ತಿಂಡಿಗೆ ವಿನಾಯಿತಿ ಇದೆ. ಕೂತು ಫೋರ್ಕ್ ಹಿಡಿದರೆ ಊಟ, ನಿಂತು ಟೂತ್‌ಪಿಕ್‌ನಲ್ಲಿ ಚುಚ್ಚಿ ತಿಂದರೆ ಊಟ ಅಲ್ಲ. ತಮಾಷೆ ಅಲ್ಲ, ಅಲ್ಲಿ ಇದಕ್ಕೆ ಟೂತ್‌ಪಿಕ್ ನಿಯಮ ಅಂತಲೇ ಕರೆಯುತ್ತಾರೆ.

ಆದರೂ ನನ್ನ ಮಟ್ಟಿಗೆ ಟೆಕ್ಸಾಸ್ ಫಾರ್ಮ್ ನಿರುಪಯೋಗಿ ಅಲ್ಲ. ಹೆಸರು ಮುಚ್ಚಬಹುದು, ಮೊತ್ತ ಮುಚ್ಚಲು ಆಗುವುದಿಲ್ಲ. ಅಧಿವೇಶನ ನಡೆಯುವಾಗ ಯಾವ ಲಾಬಿಯಿಸ್ಟ್ ಯಾವ ತಿಂಗಳು ಎಷ್ಟು ಸುರಿದ, ಅದರಲ್ಲಿ ಕುಟುಂಬಕ್ಕೆ ಎಷ್ಟು, ಅತಿಥಿಗಳಿಗೆ ಎಷ್ಟು, ಎಲ್ಲಾ ಬರುತ್ತದೆ. ಯಾರು ಬೇಕಾದರೂ ವೆಬ್‌ಸೈಟಿನಿಂದ ಇಳಿಸಿಕೊಳ್ಳಬಹುದು. ಅತಿಥಿ ಕಾಲಂನಲ್ಲಿ ಅಂಕಿ ಇದ್ದಕ್ಕಿದ್ದಂತೆ ಏರಿದರೆ ವರದಿಗಾರ ಮೂಗು ಚಾಚುತ್ತಾನೆ. ಆ ಕಾಲಂ ಇಲ್ಲದಿದ್ದರೆ ಏನಾಗುತ್ತಿತ್ತು ಯೋಚಿಸು. ಎಲ್ಲಾ ಊಟವೂ ಭಾವಮೈದುನನ ಹೆಸರಿನಲ್ಲೇ ಆಗುತ್ತಿತ್ತು.

---

ಮಾಂಡವಿ ದಡ, ಪಣಜಿ:

ನಾನು ಗೋವಾದಲ್ಲಿ ಹೋಟೆಲ್ ಇವೆಂಟ್ಸ್ ನೋಡಿಕೊಳ್ಳುತ್ತೇನೆ, ಮೂಲ ಕಾರವಾರ. ನಿಮ್ಮ ಅತಿಥಿ ಕಾಲಂ ಬಗ್ಗೆ ಎರಡು ಮಾತು, ಯಾಕೆಂದರೆ ನಮ್ಮ ಧಂದೆ ನಡೆಯುವುದೇ ಅದರ ಮೇಲೆ.

ಕಂಪನಿಗಳು ಇಲ್ಲಿ ಕಾನ್ಫರೆನ್ಸ್ ಇಡುತ್ತವೆ. ಒಂದು ರೂಮಿಂಗ್ ಲಿಸ್ಟ್ ಬರುತ್ತದೆ, ಎಕ್ಸೆಲ್ ಶೀಟ್. ಹೆಸರು, ಹುದ್ದೆ, ವಿಮಾನ ದಾಬೋಳಿಗಾ ಮೋಪಾಗಾ, ಎಷ್ಟು ಗಂಟೆಗೆ, ವೆಜ್ಜಾ ನಾನ್‌ವೆಜ್ಜಾ. ಕೊನೆಯ ಕಾಲಂ "ಜೊತೆಗೆ". ಕಂಪನಿ ಜನರ ಮುಂದೆ ಅದು ಖಾಲಿ ಇರುತ್ತದೆ. ಡೀಲರ್‌ಗಳ ಮುಂದೆ ಹೆಂಡತಿ ಹೆಸರು. ಕೆಲವು ಸಾಲುಗಳಲ್ಲಿ ಮಾತ್ರ ಹುದ್ದೆ ಬರೆದಿರುವುದಿಲ್ಲ, "ವಿಐಪಿ 1", "ವಿಐಪಿ 2" ಅಂತ ಇರುತ್ತದೆ, ಮತ್ತು "ಜೊತೆಗೆ" ಕಾಲಂನಲ್ಲಿ 5 ಅಂತ ಅಂಕಿ. ಐದು ಜನ ಯಾರು ಅಂತ ಹೆಸರಿಲ್ಲ. ಬಂದ ಮೇಲೆ ಆಧಾರ್ ಕಾರ್ಡ್ ತೆಗೆದುಕೊಳ್ಳುವಾಗ ಗೊತ್ತಾಗುತ್ತದೆ, ಅತ್ತೆ, ಮಾವ, ಮಕ್ಕಳು, ಮಕ್ಕಳ ಟ್ಯೂಷನ್ ಟೀಚರ್ ಕೂಡ ಒಮ್ಮೆ.

ಕಾನ್ಫರೆನ್ಸ್ ಶುಕ್ರವಾರ ಮುಗಿದರೂ ವಿಐಪಿ ರೂಮು ಭಾನುವಾರದ ತನಕ. ಸಂಜೆ ಮಾಂಡವಿಯಲ್ಲಿ ಬೋಟ್. ನಾವು ಬಿಲ್ ಮಾಡುವಾಗ ಕಂಪನಿಯವರು ಹೇಳುತ್ತಾರೆ, ಬೋಟ್ ಅಂತ ಬರೆಯಬೇಡಿ, ಸ್ಟೇಜ್ ಡೆಕೊರೇಷನ್‌ಗೆ ಸೇರಿಸಿ ಅಂತ. ಒಂದು ಸಲ ಒಬ್ಬ ಕ್ಲೈಂಟಿನ ಆಡಿಟರ್ ಫೋನ್ ಮಾಡಿ, ಎರಡು ಗಂಟೆಯ ಮೀಟಿಂಗಿಗೆ ಅಷ್ಟು ಹೂವು ಯಾಕೆ ಬೇಕಾಯಿತು ಅಂತ ಕೇಳಿದ. ನಾನೇನು ಹೇಳಲಿ!

ನನಗೆ ಅನಿಸುವುದು ಇಷ್ಟು. ಅಧಿಕಾರಿಗಳಲ್ಲಿ ಬಹಳ ಜನ ತಾವು ಏನೂ ತೆಗೆದುಕೊಳ್ಳುವುದಿಲ್ಲ. ನಿಜವಾಗಿಯೂ. ಊಟಕ್ಕೂ ಬರುವುದಿಲ್ಲ, ರೂಮಿನಲ್ಲೇ ಅನ್ನ-ಸಾರು ತರಿಸಿಕೊಂಡು ತಾವೇ ದುಡ್ಡು ಕೊಟ್ಟವರನ್ನೂ ನೋಡಿದ್ದೇನೆ. ಆದರೆ ಮನೆಯವರು ಬಂದಿರುತ್ತಾರೆ. ಅವರ ಖರ್ಚು ಯಾವ ಕಾಗದದಲ್ಲೂ ಇರುವುದಿಲ್ಲ.

---

ಡೊಂಬಿವಲಿ ಸಿಎ:

ಮಾಂಡವಿಯವರು ಹೇಳಿದ್ದಕ್ಕೆ ನೇರ ಉತ್ತರ ಆದಾಯ ತೆರಿಗೆಯಲ್ಲಿದೆ, ಆದರೆ ಅರ್ಧ ಮಾತ್ರ.

2022ರ ಜುಲೈ 1ರಿಂದ 194ಆರ್ ಅಂತ ಒಂದು ಕಲಂ ಜಾರಿಗೆ ಬಂತು. ವ್ಯಾಪಾರ ಅಥವಾ ವೃತ್ತಿ ಮಾಡುವವರಿಗೆ ನೀವು ವರ್ಷಕ್ಕೆ 20,000 ರೂಪಾಯಿಗಿಂತ ಜಾಸ್ತಿ ಸವಲತ್ತು ಕೊಟ್ಟರೆ ಶೇ 10 ಟಿಡಿಎಸ್ (ಕೊಡುವವರೇ ಮೊದಲೇ ಕಟ್ಟುವ ತೆರಿಗೆ) ಕಟ್ಟಬೇಕು. ಆಗ ಬಂದ ಸುತ್ತೋಲೆಯಲ್ಲಿ ಡೀಲರ್ ಕಾನ್ಫರೆನ್ಸ್ ಬಗ್ಗೆ ಸ್ಪಷ್ಟವಾಗಿ ಬರೆದಿದ್ದಾರೆ: ಕಾನ್ಫರೆನ್ಸ್ ಖರ್ಚು ಸವಲತ್ತಲ್ಲ, ಆದರೆ ಜೊತೆಗೆ ಬಂದ ಕುಟುಂಬದವರ ಖರ್ಚು ಸವಲತ್ತು, ಮೋಜಿನ ಭಾಗ ಸವಲತ್ತು, ಮೊದಲೇ ಬಂದು ಅಥವಾ ಮುಗಿದ ಮೇಲೂ ಉಳಿದುಕೊಂಡ ದಿನಗಳ ಖರ್ಚೂ ಸವಲತ್ತು. ಶುಕ್ರವಾರದಿಂದ ಭಾನುವಾರ ಅಂದಿರಲ್ಲ, ಅದೇ. ಅಂದರೆ ಅತಿಥಿಗಳ ಲೆಕ್ಕ ಇಡಲು ನಮಗೆ ಬರುವುದಿಲ್ಲ ಅಂತ ಅಲ್ಲ. ತೆರಿಗೆ ಬೇಕಾದಾಗ ಬರುತ್ತದೆ. ಆದರೆ ಸರ್ಕಾರಿ ನೌಕರ ವ್ಯಾಪಾರ ಮಾಡುವವನಲ್ಲ, ಹಾಗಾಗಿ ಡೀಲರ್ ಹೆಂಡತಿಯ ಬೋಟ್ ಟಿಕೆಟಿಗೆ ಕಾನೂನು ಇದೆ, ವಿಐಪಿ 1ರ ಅತ್ತೆಯ ಟಿಕೆಟಿಗೆ ಈ ಕಾನೂನು ಮುಟ್ಟುವುದಿಲ್ಲ.

ಔಷಧ ಕಂಪನಿಗಳದ್ದೂ ಹೀಗೇ. 2024ರ ಮಾರ್ಚ್‌ನಲ್ಲಿ ಬಂದ ಯುಸಿಪಿಎಂಪಿ ಅನ್ನುವ ಔಷಧ ಮಾರಾಟದ ಸಂಹಿತೆಯಲ್ಲಿ ವೈದ್ಯರಿಗೂ ಅವರ ಕುಟುಂಬದವರಿಗೂ ಉಡುಗೊರೆ ಬೇಡ, ಪ್ರವಾಸ ಬೇಡ ಅಂತ ಇದೆ. ವೈದ್ಯರ ಕುಟುಂಬ ನೆನಪಾಯಿತು ಸರ್ಕಾರಕ್ಕೆ.

ಇನ್ನು ಅಧಿಕಾರಿಗಳು. ನಿಯಮ ಇಲ್ಲ ಅಂತ ಫೈಲ್‌ವಾಲಾ ಹೇಳಿದ್ದು ಪೂರ್ತಿ ಸರಿಯಲ್ಲ. ಐಎಎಸ್, ಐಪಿಎಸ್‌ನವರಿಗೆ 1968ರ ನಡತೆ ನಿಯಮಗಳಿವೆ, ಕೇಂದ್ರ ನೌಕರರಿಗೆ 1964ರದ್ದು. ಐಎಎಸ್‌ನವರು 5,000 ರೂಪಾಯಿ ಮೀರಿದ ಉಡುಗೊರೆಗೆ ಸರ್ಕಾರದ ಅನುಮತಿ ಪಡೆಯಬೇಕು. ಮದುವೆ-ಮುಂಜಿಯಲ್ಲಿ ಹತ್ತಿರದ ನೆಂಟರಿಂದ ಬಂದದ್ದು 25,000 ಮೀರಿದರೆ ತಿಳಿಸಬೇಕು. ಕೇಂದ್ರ ನೌಕರರ ನಿಯಮದಲ್ಲಿ ಕುಟುಂಬದವರ ಮೂಲಕವಾಗಲಿ, ಅವರ ಪರವಾಗಿ ಬೇರೆ ಯಾರ ಮೂಲಕವಾಗಲಿ ತೆಗೆದುಕೊಳ್ಳುವ ಹಾಗಿಲ್ಲ ಅಂತಲೂ ಇದೆ. ಪುಕ್ಕಟೆ ಪ್ರಯಾಣ, ವಸತಿ ಎಲ್ಲಾ ಉಡುಗೊರೆಯೇ. ಆದರೆ ಅಪರೂಪದ ಒಂದು ಊಟ, ಕಾರಿನಲ್ಲಿ ಒಂದು ಲಿಫ್ಟ್, ಸಾಮಾಜಿಕ ಆತಿಥ್ಯ, ಇವು ಉಡುಗೊರೆ ಅಲ್ಲ. ತಮ್ಮ ಜೊತೆ ಕಚೇರಿ ವ್ಯವಹಾರ ಇರುವವರಿಂದ ಅದ್ದೂರಿ ಆತಿಥ್ಯ, ಪದೇ ಪದೇ ಆತಿಥ್ಯ ಪಡೆಯಬಾರದು. ಅದ್ದೂರಿ ಅಂದರೆ ಎಷ್ಟು ರೂಪಾಯಿ ಅಂತ ಇಲ್ಲ. ಪದೇ ಪದೇ ಅಂದರೆ ತಿಂಗಳಿಗೆ ಎಷ್ಟು ಸಲ ಅಂತಲೂ ಇಲ್ಲ. ಟೆಕ್ಸಾಸ್‌ನವರು ಶೇ 60 ಅಂತ ಗೆರೆ ಎಳೆದು ಸಿಕ್ಕಿಹಾಕಿಕೊಂಡರು, ನಾವು ಗೆರೆಯನ್ನೇ ಎಳೆಯಲಿಲ್ಲ.

ಮುಖ್ಯ ವ್ಯತ್ಯಾಸ ನನ್ನ ಪ್ರಕಾರ ಬೇರೆ. ಅಲ್ಲಿ ಕೊಟ್ಟವನು ಬರೆಯಬೇಕು, ಅದು ಊರಿಗೆಲ್ಲ ಕಾಣಬೇಕು. ಇಲ್ಲಿ ತೆಗೆದುಕೊಂಡವನು ತನ್ನ ಮೇಲಧಿಕಾರಿಗೆ ಬರೆಯಬೇಕು, ಅದು ಫೈಲಿನಲ್ಲೇ ಇರುತ್ತದೆ. ಆರ್‌ಟಿಐ ಹಾಕಿ ಕೇಳೋಣ ಅಂದರೆ 2012ರ ಅಕ್ಟೋಬರ್‌ನ ಗಿರೀಶ್ ರಾಮಚಂದ್ರ ದೇಶಪಾಂಡೆ ತೀರ್ಪು ಅಡ್ಡ ಬರುತ್ತದೆ. ಆ ಪ್ರಕರಣದಲ್ಲಿ ಕೇಳಿದ್ದ ವಿವರಗಳಲ್ಲಿ ಒಬ್ಬ ಅಧಿಕಾರಿಯ ಮಗನ ಮದುವೆಗೆ ಬಂದ ಉಡುಗೊರೆಗಳೂ ಇದ್ದವು. ಅದು ವೈಯಕ್ತಿಕ ಮಾಹಿತಿ, ದೊಡ್ಡ ಸಾರ್ವಜನಿಕ ಹಿತಾಸಕ್ತಿ ತೋರಿಸದೆ ಕೊಡಬೇಕಿಲ್ಲ ಅಂದಿತು ಸುಪ್ರೀಂ ಕೋರ್ಟ್. 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಆರ್‌ಟಿಐನ ಅದೇ ಕಲಂ ಅನ್ನು ಇನ್ನೂ ಬಿಗಿ ಮಾಡಿದ್ದಾರೆ.

ಜನಪ್ರತಿನಿಧಿಗಳ ಕಥೆ ಇನ್ನೂ ಸಣ್ಣದು. ರಾಜ್ಯಸಭೆಯಲ್ಲಿ ಸದಸ್ಯರ ಹಿತಾಸಕ್ತಿಗಳ ರಿಜಿಸ್ಟರ್ ಇದೆ, ನಿರ್ದೇಶಕ ಹುದ್ದೆ, ಸಂಬಳದ ಕೆಲಸ, ಕಂಪನಿ ಮೇಲೆ ಹಿಡಿತ ಇರುವಷ್ಟು ಷೇರು, ಸಲಹೆಗಾರಿಕೆ, ವೃತ್ತಿ, ಈ ಐದು ಬರೆಯಬೇಕು. ಊಟ, ಉಡುಗೊರೆ, ಪ್ರವಾಸ ಆ ಪಟ್ಟಿಯಲ್ಲಿಲ್ಲ. ಲೋಕಸಭೆಯಲ್ಲಿ ಆ ರಿಜಿಸ್ಟರೂ ಇಲ್ಲ.

---

ಚಿಂಚವಡ ಸಂಘದವನು, ಪಿಂಪ್ರಿ:

ಎಲ್ಲಾ ಸರಿ, ಆದರೆ ನೀವೆಲ್ಲ ಕಂಪನಿಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ಈ ಫಾರ್ಮ್ ನಮ್ಮ ಊರಿಗೆ ಬಂದರೆ ಮೊದಲು ಸಿಕ್ಕಿಹಾಕಿಕೊಳ್ಳುವುದು ನಮ್ಮಂಥವರು. ಕೋಪ ಮಾಡಿಕೊಳ್ಳಬೇಡಿ.

ಹೊರನಾಡಿನ ಒಂದು ಕನ್ನಡ ಸಂಘದ ಸಮಿತಿಯಲ್ಲಿದ್ದೆ, ಯಾವುದು ಅಂತ ಹೇಳುವುದಿಲ್ಲ. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಒಬ್ಬ ದೊಡ್ಡ ಮನುಷ್ಯರನ್ನು ಕರೆಯುವುದು ಪದ್ಧತಿ. ಅವರು ಬರುತ್ತಾರೆ, ಭಾಷಣ ಮಾಡುತ್ತಾರೆ, ನಾವು ವೇದಿಕೆ ಮೇಲೆ ಭವನಕ್ಕೆ ಅನುದಾನದ ಮನವಿ ಪತ್ರ ಕೊಡುತ್ತೇವೆ. ಫೋಟೋ. ಒಂದು ವರ್ಷ ಬಂದವರ ಜೊತೆ ಹೆಂಡತಿ, ಅವರ ಅಕ್ಕ, ಆಪ್ತ ಸಹಾಯಕ, ಆಪ್ತ ಸಹಾಯಕನ ಗೆಳೆಯ, ಎಲ್ಲಾ ಬಂದರು. ಇನ್ನೋವಾ ಎರಡು ಬೇಕಾಯಿತು. ಮಾರನೇ ದಿನ ಶಿರಡಿ, ಆಮೇಲೆ ಶನಿ ಶಿಂಗಣಾಪುರ. ಗೆಳೆಯನಿಗೆ ಲಕ್ಷ್ಮಿ ರೋಡ್‌ನಲ್ಲಿ ಪೈಠಣಿ ಸೀರೆ ಕೊಳ್ಳಬೇಕಿತ್ತು, ನಮ್ಮ ಖಜಾಂಚಿ ಜೊತೆಗೆ ಹೋದರು, ದುಡ್ಡು ಯಾರು ಕೊಟ್ಟರು ಅಂತ ನಾನು ಕೇಳಲಿಲ್ಲ. ವಾರ್ಷಿಕ ಲೆಕ್ಕದಲ್ಲಿ "ಅತಿಥಿ ಸತ್ಕಾರ" ಅಂತ ಒಂದೇ ಸಾಲು ಬಂತು. ಸರ್ವಸದಸ್ಯರ ಸಭೆಯಲ್ಲಿ ಹೋಳಿಗೆ ಊಟದ ಖರ್ಚು ಜಾಸ್ತಿಯಾಯಿತು ಅಂತ ಅರ್ಧ ಗಂಟೆ ಜಗಳ ಆಯಿತು, ಆ ಸಾಲಿನ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಇದು ಲಾಬಿ ಅಲ್ಲದೆ ಇನ್ನೇನು? ಆದರೆ ಮನೆಗೆ ಬಂದವರನ್ನು ನಿಮ್ಮ ಜೊತೆ ಬಂದವರು ಯಾರು, ಹೆಸರು ಬರೆಯಿರಿ ಅಂತ ಕೇಳಲಾಗುತ್ತದಾ? ನಮ್ಮ ಕಡೆ ಬಂದವರ ಜೊತೆ ಹತ್ತು ಜನ ಬಂದರೂ ಎಲೆ ಹಾಕುತ್ತೇವೆ. ಇದನ್ನು 60 ಪರ್ಸೆಂಟ್, 80 ಡಾಲರ್ ಅಂತ ಕತ್ತರಿಸಿದರೆ ಯಾರೂ ಯಾರನ್ನೂ ಕರೆಯದ ಹಾಗಾಗುತ್ತದೆ. ಸಣ್ಣ ಸಂಘಗಳಿಗೆ ವಿನಾಯಿತಿ ಇರಲೇಬೇಕು ಅಂತ ನನ್ನ ವಾದ.

---

ಫೋರ್ಟ್ ಫೈಲ್‌ವಾಲಾ, ಮುಂಬೈ:

ಎಲೆ ಹಾಕಿ, ಬೇಡ ಅಂದವರು ಯಾರು. ಪೈಠಣಿ ಎಲೆಯಲ್ಲಿ ಬಡಿಸುವ ವಸ್ತು ಅಲ್ವಲ್ಲ.

ವಿನಾಯಿತಿ ಮಾತು ನಾನು ಒಪ್ಪುವುದಿಲ್ಲ. ಸಣ್ಣ ಸಂಘಕ್ಕೆ ಬಿಟ್ಟರೆ ನಾಳೆಯೇ ಬಿಲ್ಡರ್ ಒಂದು ಸಣ್ಣ ಸಂಘ ಶುರು ಮಾಡುತ್ತಾನೆ, ಅದರ ವಾರ್ಷಿಕೋತ್ಸವಕ್ಕೆ ಇಡೀ ಇಲಾಖೆ ಬರುತ್ತದೆ. ನನಗೆ ಗೊತ್ತಿರುವ ಧಂದೆ ಇದು. ನೀವು ಮನವಿ ಪತ್ರ ಕೊಟ್ಟಿರಲ್ಲ, ಅಲ್ಲಿ ಗೆರೆ ಎಳೆಯಬಹುದು. ಏನೂ ಕೇಳದೆ ಕರೆದು ಊಟ ಹಾಕಿದರೆ ಆತಿಥ್ಯ. ಅರ್ಜಿ ಕೈಯಲ್ಲಿ ಹಿಡಿದು ಊಟ ಹಾಕಿದರೆ ಖರ್ಚಿನ ಸಾಲು ಬಿಡಿಸಿ ಬರೆಯಿರಿ, ಅವರಿಗೆ ಇಷ್ಟು, ಹೆಂಡತಿಗೆ ಇಷ್ಟು, ಜೊತೆಗೆ ಬಂದವರಿಗೆ ಇಷ್ಟು ಅಂತ. ಅದಕ್ಕೆ ದೆಹಲಿಯಿಂದ ಕಾನೂನು ಬರಬೇಕಾಗಿಲ್ಲ, ನಿಮ್ಮ ಖಜಾಂಚಿ ಸಾಕು.

---

ಚಿಂಚವಡ ಸಂಘದವನು, ಪಿಂಪ್ರಿ:

ಖಜಾಂಚಿ ಸಾಕು ಅಂತೀರಿ. ಅವರೇ ಮುಂದಿನ ವರ್ಷ ಅಧ್ಯಕ್ಷರಾದರು. ಬಿಡಿಸಿ ಬರೆಯುವ ಮಾತು ತೆಗೆದು ನೋಡುತ್ತೇನೆ, ಈ ಸಲದ ಸಭೆಯಲ್ಲಿ. ಹೋಳಿಗೆ ಜಗಳ ಮುಗಿದ ಮೇಲೆ.

---

ಖರಾಡಿ ಕಾರಕೂನ, ಪುಣೆ:

ಅಪ್‌ಡೇಟ್. ಕ್ಲೈಂಟ್ ಕಡೆಯಿಂದ ಉತ್ತರ ಬಂತು. ಭಾವಮೈದುನನನ್ನು ಕರೆತಂದದ್ದು ಶಾಸಕರೇ. ಊರಿನಿಂದ ಬಂದಿದ್ದನಂತೆ, ಒಬ್ಬನೇ ಹೋಟೆಲಿನಲ್ಲಿ ಕೂರುತ್ತಾನೆ ಅಂತ ಕರೆದುಕೊಂಡು ಬಂದರಂತೆ. ಹಾಗಾಗಿ ಅತಿಥಿ ಕಾಲಂ, ನಮ್ಮ ಪಾಲು 80. ಶಾಸಕರಿಗೆ 80, ಕುಟುಂಬದ ಕಾಲಂನಲ್ಲಿ ಹೆಂಡತಿಗೆ 80, ಆಫೀಸಿನ ಹುಡುಗ ಸಿಬ್ಬಂದಿ ಕಾಲಂ. ಗಂಡ-ಹೆಂಡತಿಯ ಎರಡು 80 ಕೂಡಿಸಿ ನೋಡಬೇಕಾ ಅನ್ನುವುದನ್ನು ಅವರ ವಕೀಲರು ನೋಡುತ್ತಾರಂತೆ, ನೀನು ಬಿಡಿಬಿಡಿಯಾಗಿ ತೋರಿಸು ಸಾಕು ಅಂದರು. ಎರಡೂ ಚೀಟಿ ಸ್ಕ್ಯಾನ್‌ನಲ್ಲಿ ಇಟ್ಟಿದ್ದೇನೆ. ಟೀಮ್ ಲೀಡ್ ಮುಖ ಸ್ವಲ್ಪ ಊದಿದೆ, ಆದರೆ ಸಹಿ ಹಾಕಿದರು.

ಕೊನೇ ಪ್ರಶ್ನೆ. ರಿಪೋರ್ಟ್ 10ನೇ ತಾರೀಖಿನ ಒಳಗೆ ಅಂತ ಇದೆ. ಅದು ನಮ್ಮ 10ನೇ ತಾರೀಖಾ, ಅವರದಾ?

---

ಮಗರಪಟ್ಟಾ ಲೆಕ್ಕಾಚಾರಿ, ಪುಣೆ:

ಅವರದು. ಆಸ್ಟಿನ್‌ನ ಮಧ್ಯರಾತ್ರಿ ತನಕ. ಚಳಿಗಾಲದಲ್ಲಿ ನಮಗೆ 11ನೇ ತಾರೀಖು ಬೆಳಿಗ್ಗೆ ಹನ್ನೊಂದೂವರೆ, ಬೇಸಿಗೆಯಲ್ಲಿ ಅವರು ಗಡಿಯಾರ ಮುಂದೆ ಹಾಕಿಕೊಳ್ಳುವುದರಿಂದ ಹತ್ತೂವರೆ. ಆದರೆ ಶೀಟು 9ಕ್ಕೇ ಕಳಿಸು. ಕೊನೇ ರಾತ್ರಿ ಅವರು ಇನ್ನೊಂದು ಬಿಲ್ ಹುಡುಕಿ ಕಳಿಸುತ್ತಾರೆ, ಯಾವಾಗಲೂ.